ಪ್ರತಿಕ್ರಿಯೆ: ಕೋಲ್ಕತ್ತಾದಲ್ಲಿ ಒಂದೇ ಭಾನುವಾರ, ಟಿರೆಟ್ಟಾ ಬಜಾರೋ ಟಾಂಗ್ರಾನೋ?

ಒಂದೇ ಭಾನುವಾರ ಇದೆ, ಜೊತೆಗೆ ಸಸ್ಯಾಹಾರಿ ಅಮ್ಮನೂ ಇದ್ದಾರೆ ಅಂದಿರಿ. ಕೋಲ್ಕತ್ತಾದ ಎರಡು ಚೀನೀ ಕೇರಿಗಳಲ್ಲಿ ಯಾವುದಕ್ಕೆ ಹೋಗೋದು ಅಂತ ಕೇಳಿದ್ರಿ. ಹಾಗಾದ್ರೆ ಬೆಳಗ್ಗೆ ಟಿರೆಟ್ಟಾ ಬಜಾರ್, ರಾತ್ರಿ ಊಟಕ್ಕೆ ಟಾಂಗ್ರಾ. ಎರಡೂ ಆಗುತ್ತೆ, ಆದ್ರೆ ಬೇಗ ಏಳಬೇಕು. ಟಿರೆಟ್ಟಾದಲ್ಲಿ ಪೊದ್ದಾರ್ ಕೋರ್ಟ್ ಕಟ್ಟಡದ ಹತ್ತಿರ ನಡೆಯುವ ತಿಂಡಿ ಸಂತೆಗೆ ಆರೂವರೆಯೊಳಗೆ ಹೋಗಿ. ಎಂಟಕ್ಕೆಲ್ಲ ಪಾತ್ರೆ ಖಾಲಿ. ಪೋರ್ಕ್ ಬಾವ್ (ಹಂದಿಮಾಂಸ ತುಂಬಿದ ಹಬೆಯ ಬನ್ನು), ಫಿಶ್ ಬಾಲ್ ಸೂಪು, ಮೊಮೊ, ಹೆಚ್ಚಿನದೆಲ್ಲ ಮಾಂಸವೇ. ಅಮ್ಮನಿಗೆ ಎಳ್ಳು ಮೆತ್ತಿ ಕರಿದ ಸಿಹಿ ಉಂಡೆ ಸಿಕ್ಕೀತು, ಎಣ್ಣೆ ಯಾವುದು ಅಂತ ಕೇಳಿಯೇ ಕೊಡಿಸಿ. ಈಗ ಚೀನೀ ವ್ಯಾಪಾರಿಗಳು ಬೆರಳೆಣಿಕೆಯಷ್ಟೇ. ಬೀದಿ ನೋಡಿ 'ಇಷ್ಟೇನಾ' ಅನ್ನಿಸಬಹುದು.

ನನ್ನ ಕೇಳಿದ್ರೆ ತಿಂಡಿಗಿಂತ ಅಲ್ಲೇ ಇರುವ ಸೀ ಇಪ್ ಚರ್ಚ್ ಮುಖ್ಯ. ಹೆಸರಿಗಷ್ಟೇ ಚರ್ಚು, 1905ರಲ್ಲಿ ಚೀನಾದ ಕ್ಯಾಂಟನ್ ಸೀಮೆಯವರು ಕಟ್ಟಿದ ಗುಡಿ. ಒಳಗಿರೋದು ಚೀನೀಯರ ಕರುಣೆಯ ದೇವಿ ಗ್ವಾನ್‌ಯಿನ್. ಊದುಬತ್ತಿ ಹೊಗೆ, ಕೆಂಪು ಬಣ್ಣ, ಕೆತ್ತನೆ ಮರ, ಅಮ್ಮನಿಗೂ ಹಿಡಿಸುತ್ತೆ. 1962ರ ಭಾರತ-ಚೀನಾ ಯುದ್ಧದ ಹೊತ್ತಲ್ಲಿ ಭಾರತದ ಸಾವಿರಾರು ಚೀನೀಯರನ್ನು ರಾಜಸ್ಥಾನದ ದೇವಲಿ ಬಂಧನ ಶಿಬಿರಕ್ಕೆ ಸಾಗಿಸಿದ್ರು, ಬಿಡುಗಡೆಯಾದ ಮೇಲೆ ಅನೇಕರು ದೇಶವನ್ನೇ ಬಿಟ್ಟರು. ಹಿರಿಯರ ಹತ್ರ ಆ ಮಾತು ನೀವಾಗಿ ಕೆದಕಬೇಡಿ.

ಟಾಂಗ್ರಾ ಹಕ್ಕಾ ಅನ್ನೋ ಚೀನೀ ಸಮುದಾಯದವರ ಚರ್ಮ ಹದಮಾಡುವ ಕೇರಿಯಾಗಿತ್ತು, ಈಗ ಹೋಟೆಲ್ ಸಾಲು. ಅಲ್ಲಿನ ಚೀನೀ ಕಾಳಿ ಗುಡಿ ತಪ್ಪಿಸಬೇಡಿ, ನೂಡಲ್ಸೂ ನೈವೇದ್ಯ ಆಗುತ್ತೆ. ವೆಜ್ ಊಟಕ್ಕೆ ತೊಂದರೆಯಿಲ್ಲ. ವಾಪಸು ಬರೋಕೆ ಕ್ಯಾಬ್ ಮೊದಲೇ ನೋಡಿಕೊಳ್ಳಿ.