ಕುರುಡರಿಬ್ಬರಿಗೆ ಒಂದು ಊರುಗೋಲು

ಓದುಗರ ಪತ್ರ: ಮಹಾಭಾರತದಲ್ಲಿ ಯುದ್ಧ ಮುಗಿದ ಮೇಲೆ ಹೆಂಗಸರು ಅಳುವ ಸ್ತ್ರೀಪರ್ವದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಗಾಂಧಾರಿಯ ಅಳುವಿಗೇ ನಾಲ್ಕು ಪುಟ ಕೊಟ್ಟಿದೆ. ಅಧರ್ಮಿಗಳು ಸತ್ತರೂ ಕಣ್ಣೀರು ಹಾಕಬೇಕೇ? ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನೇ ಕ್ಷಮಿಸಿದ ದ್ರೌಪದಿಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಅಲ್ಲದೆ ಕೌರವರದು ಹದಿನೆಂಟು ಅಕ್ಷೌಹಿಣಿ ಸೇನೆ ಎಂದು ಅಚ್ಚಾಗಿದೆ.

ಸಂಪಾದಕರ ಉತ್ತರ: ಅಕ್ಷೌಹಿಣಿಯ ತಪ್ಪು ನಮ್ಮದೇ. ಕೌರವರದು 11, ಪಾಂಡವರದು 7, ಎರಡೂ ಸೇರಿ 18. ತಿದ್ದಿದ್ದಕ್ಕೆ ಕೃತಜ್ಞ.

ದ್ರೌಪದಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಲಾರೆ. 'ಅವನನ್ನು ಬಿಟ್ಟುಬಿಡಿ, ಅವನ ತಾಯಿಯೂ ನನ್ನ ಹಾಗೆ ಅಳುವುದು ಬೇಡ' ಎನ್ನುವ ದ್ರೌಪದಿ ಭಾಗವತದವಳು. ಮಹಾಭಾರತದ ಸೌಪ್ತಿಕಪರ್ವದ ದ್ರೌಪದಿಯೇ ಬೇರೆ. ಐವರು ಮಕ್ಕಳನ್ನೂ ಅಣ್ಣ ಧೃಷ್ಟದ್ಯುಮ್ನನನ್ನೂ ಒಂದೇ ರಾತ್ರಿಯಲ್ಲಿ ಕಳೆದುಕೊಂಡ ಅವಳು ಅನ್ನ ನೀರು ಬಿಟ್ಟು ಕೂತುಬಿಡುತ್ತಾಳೆ. ಅಶ್ವತ್ಥಾಮನನ್ನು ಕೊಂದು ಅವನ ತಲೆಯ ಮಣಿ ತರಬೇಕು, ಇಲ್ಲದಿದ್ದರೆ ಇಲ್ಲೇ ಪ್ರಾಣ ಬಿಡುತ್ತೇನೆ ಎಂದು ಹಟ ಹಿಡಿಯುತ್ತಾಳೆ. ಮಣಿಯೇನೋ ಬರುತ್ತದೆ, ಆದರೆ ಅಷ್ಟರೊಳಗೆ ಅಶ್ವತ್ಥಾಮ ಬಿಟ್ಟ ಅಸ್ತ್ರ ಅಭಿಮನ್ಯುವಿನ ಹೆಂಡತಿ ಉತ್ತರೆಯ ಗರ್ಭಕ್ಕೆ ಗುರಿಯಾಗಿರುತ್ತದೆ. ಮಣಿ ತಂದುಕೊಟ್ಟ ಭೀಮ, ಅವನನ್ನು ಜೀವಸಹಿತ ಬಿಟ್ಟೆವು ಎನ್ನುತ್ತಾನೆ. ಆಗ ದ್ರೌಪದಿ ಹೇಳುವುದಿಷ್ಟೇ: ಋಣ ತೀರಿದರೆ ಸಾಕಾಗಿತ್ತು, ಗುರುಪುತ್ರ ನನಗೂ ಗುರುವೇ. ಇದನ್ನು ಕ್ಷಮೆ ಎನ್ನಲು ನನಗೆ ಬಾಯಿ ಬಾರದು. ಲೆಕ್ಕ ಚುಕ್ತಾ ಮಾಡಿ ದಣಿದವಳ ಮಾತು ಇದು.

ಇನ್ನು ಗಾಂಧಾರಿ. ಅವಳು ಅತ್ತರೆ ಅಧರ್ಮಕ್ಕೆ ಮರುಗಿದಂತೆ ಎಂಬುದು ನಿಮ್ಮ ಆತಂಕ. ಆದರೆ ಅವಳೇ ಯುದ್ಧಕ್ಕೆ ಮೊದಲು ಮಗನಿಗೆ ಬುದ್ಧಿ ಹೇಳಿ ಸೋತವಳು. ಗೆದ್ದವರು ಅವಳ ಮುಂದೆ ಹೇಗೆ ನಿಂತರು ನೋಡಿ. ದುಃಶಾಸನನ ರಕ್ತ ಕುಡಿದೆಯಲ್ಲ ಎಂದು ಕೇಳಿದರೆ ಭೀಮ, ಅದು ನನ್ನ ತುಟಿ ಹಲ್ಲು ದಾಟಲಿಲ್ಲ ಎಂದು ಸಮಜಾಯಿಷಿ ಕೊಡುತ್ತಾನೆ. ನೂರು ಮಂದಿಯಲ್ಲಿ ಕಡಿಮೆ ತಪ್ಪು ಮಾಡಿದ ಒಬ್ಬನನ್ನಾದರೂ ಉಳಿಸಬಾರದಿತ್ತೇ, ಈ ಕುರುಡರಿಬ್ಬರಿಗೆ ಒಂದು ಊರುಗೋಲಾಗಿ ಎಂಬ ಅವಳ ಪ್ರಶ್ನೆಗೆ ಉತ್ತರವೇ ಬರುವುದಿಲ್ಲ. ಕಾಲಿಗೆರಗಿದ ಧರ್ಮರಾಯನ ಮೇಲೆ ಕಣ್ಣಿನ ಪಟ್ಟಿಯ ಸಂದಿಯಿಂದ ಅವಳ ನೋಟ ಬೀಳುತ್ತದೆ, ಅವನ ಉಗುರುಗಳ ಚೆಲುವೇ ಹೋಗುತ್ತದೆ. ಅದನ್ನು ಕಂಡ ಗಾಂಡೀವಧಾರಿ ಅರ್ಜುನ ಮೆಲ್ಲಗೆ ಕೃಷ್ಣನ ಬೆನ್ನ ಹಿಂದೆ ಸರಿದುಕೊಳ್ಳುತ್ತಾನೆ!

ಅವಳ ಅಳು ಬರೀ ತನ್ನ ಮಕ್ಕಳಿಗೂ ಅಲ್ಲ. ವ್ಯಾಸರ ವರದಿಂದ ರಣರಂಗವೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಅಭಿಮನ್ಯುವಿನ ಹೆಣದ ಬಳಿ ಕೂತ ಉತ್ತರೆಯನ್ನು ಕೃಷ್ಣನಿಗೆ ತೋರಿಸುವವಳು ಅವಳೇ. ಉತ್ತರೆ ಗಂಡನ ಮೈಮೇಲಿನ ರಕ್ತ ಮೆತ್ತಿದ ಚಿನ್ನದ ಕವಚ ಬಿಚ್ಚುತ್ತಾಳೆ, ತಲೆಯನ್ನು ತೊಡೆಯ ಮೇಲಿಟ್ಟು ನೆತ್ತರಲ್ಲಿ ನೆನೆದ ಕೂದಲು ಸರಿಪಡಿಸುತ್ತಾಳೆ, ಜೀವವಿರುವವನೊಡನೆ ಆಡುವಂತೆ ಮಾತಾಡುತ್ತಾಳೆ: ನನ್ನ ನಿನ್ನ ಸಹವಾಸ ಇಷ್ಟೇ ಎಂದು ಬರೆದಿತ್ತು, ಆರು ತಿಂಗಳು, ಏಳನೆಯದರಲ್ಲಿ ನೀನು ಹೋದೆ. ಆ ಹುಡುಗನನ್ನು ಕೊಂದದ್ದು ಗಾಂಧಾರಿಯ ಮಕ್ಕಳ ಪಡೆಯೇ. ಹಾಗಿದ್ದೂ ಈ ಹುಡುಗಿಯ ಅಳುವನ್ನು ಇಷ್ಟು ಹತ್ತಿರದಿಂದ ನಮಗೆ ಕಾಣಿಸಲು ಕವಿ ಆರಿಸಿಕೊಂಡದ್ದು ಸತ್ತ ದುರ್ಯೋಧನನ ತಾಯಿಯನ್ನು. ನಮ್ಮ ಲೇಖಕರು ನಾಲ್ಕು ಪುಟ ಬರೆದದ್ದು ಇದಕ್ಕೇ. ನನ್ನನ್ನು ಕೇಳಿದರೆ ಆರು ಪುಟ ಬರೆಯಬಹುದಿತ್ತು.

ಕನ್ನಡಕ್ಕೇನೂ ಇದು ಹೊಸದಲ್ಲ. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ಮುಂದೆ ನಿಂತು, ನಿನ್ನ ಸಾಹಸದ ಒಂದಂಶವಾದರೂ ನನ್ನ ಸಾವಿಗೆ ಸಿಗಲಿ ಎಂದು ಬೇಡುತ್ತಾನಲ್ಲ! ಅದನ್ನು ಓದಿ ನಾವು ಯಾರೂ ಅಧರ್ಮದ ಪಕ್ಷ ಸೇರಲಿಲ್ಲ.

ಹಾಗೆಂದು ಗಾಂಧಾರಿಯನ್ನು ಕರುಣೆಯ ಮೂರ್ತಿ ಮಾಡುವುದೂ ಸರಿಯಲ್ಲ. ಇಷ್ಟೆಲ್ಲ ಅತ್ತು ಮುಗಿಸಿದ ಮೇಲೆ ಅವಳು ಕೃಷ್ಣನಿಗೆ ಶಾಪ ಕೊಡುತ್ತಾಳೆ: 36ನೆಯ ವರ್ಷಕ್ಕೆ ನಿನ್ನವರೂ ತಮ್ಮತಮ್ಮಲ್ಲೇ ಹೊಡೆದಾಡಿ ಸಾಯಲಿ, ನಿಮ್ಮ ಹೆಂಗಸರೂ ಹೀಗೆಯೇ ಅಳಲಿ. ಅಳುವೇ ಮುಂದಿನ ಸೇಡಿಗೆ ಬೀಜವಾಯಿತು. ಈ ಕಥೆಯನ್ನು ವೈಶಂಪಾಯನರು ಹೇಳಿದ್ದಾದರೂ ಎಲ್ಲಿ? ಗರ್ಭದಲ್ಲೇ ಅಸ್ತ್ರ ತಿಂದು ಬದುಕಿದ ಪರೀಕ್ಷಿತನನ್ನು ತಕ್ಷಕ ಕಚ್ಚಿ ಕೊಂದದ್ದಕ್ಕೆ, ಅವನ ಮಗ ಜನಮೇಜಯ ಹಾವಿನ ಕುಲವನ್ನೇ ಸುಡಲು ಹೂಡಿದ ಯಾಗದಲ್ಲಿ.

ನೀವು ಸ್ತ್ರೀಪರ್ವವನ್ನು ಇನ್ನೊಮ್ಮೆ ತೆರೆಯುವುದಾದರೆ ಕೊನೆಯ ಭಾಗವನ್ನೂ ಬಿಡಬೇಡಿ. ಸತ್ತವರೆಷ್ಟು ಎಂದು ಧೃತರಾಷ್ಟ್ರ ಕೇಳುತ್ತಾನೆ. ಧರ್ಮರಾಯ 166 ಕೋಟಿ 20 ಸಾವಿರ ಎನ್ನುತ್ತಾನೆ, ಕಾಣೆಯಾದವರು 24,165 ಎಂದು ಬೇರೆಯಾಗಿ ಲೆಕ್ಕ ಕೊಡುತ್ತಾನೆ. ಕೋಟಿಗಳು ಪುರಾಣದ ಲೆಕ್ಕವೇ ಇರಬಹುದು, ಆದರೆ ಆ ಕೊನೆಯ ಅರವತ್ತೈದು ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತದೆ. ನಂತರ, ನಮ್ಮವರು ತಮ್ಮವರು ಎನ್ನಲು ಯಾರೂ ಇಲ್ಲದವರಿಗೂ ಸಂಸ್ಕಾರ ಆಗಲಿ ಎಂದು ವಿದುರ, ಸಂಜಯ, ಧೌಮ್ಯರಿಗೆ ಹೇಳಿ ಕಳಿಸುತ್ತಾನೆ. ಗಂಧದ ಕಟ್ಟಿಗೆ, ಎಣ್ಣೆ, ತುಪ್ಪಗಳ ಜೊತೆಗೆ ಮುರಿದ ರಥಗಳನ್ನೂ ಚಿತೆಗೆ ಒಟ್ಟುತ್ತಾರೆ. ಯಾವ ಪಕ್ಷದ ರಥ ಎಂದು ಅಲ್ಲಿ ಹೇಳಿಲ್ಲ.