ಗಂಟೆ ಹೊಡೆದದ್ದು ಯಾರಿಗೆ?

ಪ್ರಶ್ನೆ: ನಮ್ಮ ತೋಟದ 1,300 ಅಡಿ ಕೊಳವೆಬಾವಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೆ. ಕರೆಂಟ್ ಬಂದರೆ ಫೋನ್, ಹೋದರೆ ಫೋನ್, ವೋಲ್ಟೇಜ್ ಇಳಿದರೆ ಫೋನ್, ನೀರಿಲ್ಲದೆ ಮೋಟರ್ ಓಡಿದರೂ ಫೋನ್. ಒಂದೇ ರಾತ್ರಿ ಹದಿನೇಳು ಸಲ ಬಂದ ಮೇಲೆ ಆ ನಂಬರಿನ ರಿಂಗ್ ನಿಲ್ಲಿಸಿದೆ. ಡ್ರೈ ರನ್, ಅಂದರೆ ನೀರಿಲ್ಲದ ಓಟ, ಎಂದು ಸುಮ್ಮಸುಮ್ಮನೆ ಆಫ್ ಆಗುತ್ತಿದ್ದುದರಿಂದ ಮೆಕ್ಯಾನಿಕ್‌ಗೆ ಹೇಳಿ ಅದನ್ನೂ ಬೈಪಾಸ್ ಮಾಡಿಸಿದೆ. ಹೋದ ತಿಂಗಳು ಮೋಟರ್ ಸುಟ್ಟಿತು. ವಿಮಾನದಲ್ಲಿ ಇಂಥ ಅಲಾರಂಗಳು ನೂರಾರು ಇರುತ್ತವಂತೆ. ಪೈಲಟ್‌ಗಳು ಹೇಗೆ ತಡೆದುಕೊಳ್ಳುತ್ತಾರೆ? ಇನ್ನೂ ಜೋರಾದ ಗಂಟೆ ಇಟ್ಟರೆ ಸಾಲದೆ?
— ರೈತರೊಬ್ಬರು, ಮಾಲೂರು ತಾಲ್ಲೂಕು

ಉತ್ತರ: ಮೋಟರ್ ಎತ್ತಿಸಿ ವೈಂಡಿಂಗ್ ಮಾಡಿಸುವ ಖರ್ಚು ಎಷ್ಟೆಂದು ಕೋಲಾರದವನಾದ ನನಗೆ ಹೇಳಬೇಕಿಲ್ಲ. ಆದರೆ ನೀವು ಮಾಡಿದ್ದನ್ನು ಓದಿ ನಗು ಬರಲಿಲ್ಲ, ನನ್ನ ವರ್ಕ್‌ಶಾಪ್ ನೆನಪಾಯಿತು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬಂದು ಮೂವತ್ತೊಂದು ವರ್ಷ ವಿಮಾನದ ಉಪಕರಣಗಳನ್ನು ಬಿಚ್ಚಿ ಕಟ್ಟಿದವನು ನಾನು. ಅಲ್ಲಿ ಎಚ್ಚರಿಕೆಯ ಸದ್ದು ಮಾಡುವ ಪೆಟ್ಟಿಗೆಯೊಂದನ್ನು ಬೆಂಚಿನ ಮೇಲೆ ಪರೀಕ್ಷಿಸುವಾಗ ನಮ್ಮ ಸಹಾಯಕ ಸ್ಪೀಕರಿನ ಬಾಯಿಗೆ ಹತ್ತಿ ತುರುಕಿ ಮೇಲೆ ಕಪ್ಪು ಟೇಪ್ ಸುತ್ತಿದ್ದ. ಕೇಳಿದರೆ, ‘ಸಾರ್, ಬೆಳಗಿನಿಂದ ಕೂಗುತ್ತಿದೆ’ ಎಂದ. ಅವನ ತಪ್ಪೆಂದು ಆಗ ಬೈದೆ. ಸುಮ್ಮನೆ ಕೂಗುವ ಯಂತ್ರದ ಬಾಯನ್ನು ಮನುಷ್ಯ ಹೇಗಾದರೂ ಮುಚ್ಚಿಸುತ್ತಾನೆ ಎಂದು ಅರ್ಥವಾಗಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು.

ಜೋರಾದ ಗಂಟೆಯ ಮಾತಿಗೆ ಬರುತ್ತೇನೆ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿಯಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನದಲ್ಲಿ ಮುಂದಿನ ಚಕ್ರ ಇಳಿದಿದೆ ಎಂದು ತೋರಿಸುವ ಹಸಿರು ದೀಪ ಹೊತ್ತಲಿಲ್ಲ. ವಿಮಾನವನ್ನು 2,000 ಅಡಿಯಲ್ಲಿ ಆಟೋಪೈಲಟ್‌ಗೆ ಬಿಟ್ಟು ಎಲ್ಲರೂ ಆ ಒಂದು ಬಲ್ಬಿನ ಹಿಂದೆ ಬಿದ್ದರು. ಬಿಚ್ಚಿದ ಬಲ್ಬು ತಿರುಗಿ ಕೂರದೆ ಸಿಕ್ಕಿಕೊಂಡಿತು. ಈ ನಡುವೆ ಆಟೋಪೈಲಟ್‌ನ ಎತ್ತರದ ಹಿಡಿತ ಯಾರಿಗೂ ತಿಳಿಯದಂತೆ ಬಿಟ್ಟುಹೋಗಿ ವಿಮಾನ ಮೆಲ್ಲನೆ ಇಳಿಯತೊಡಗಿತು. 250 ಅಡಿ ಇಳಿದಾಗ ಎಚ್ಚರಿಕೆಯ ಗಂಟೆ ಹೊಡೆಯಿತು, ಅರ್ಧ ಸೆಕೆಂಡು, ಒಂದೇ ಸಲ. ಹೊಡೆದದ್ದು ಫ್ಲೈಟ್ ಎಂಜಿನಿಯರ್ ಕೂರುವ ಜಾಗದ ಸ್ಪೀಕರಿನಲ್ಲಿ. ಆತ ಚಕ್ರ ಇಳಿದಿದೆಯೇ ಎಂದು ಕಣ್ಣಾರೆ ನೋಡಲು ಕೆಳಗಿನ ಗೂಡಿಗೆ ಇಳಿದಿದ್ದ. ಗಂಟೆ ಖಾಲಿ ಕುರ್ಚಿಗೆ ಹೊಡೆಯಿತು. ಆ ಸದ್ದು ಧ್ವನಿಮುದ್ರಣದಲ್ಲಿ ಇದೆ, ಅದರ ಬಗ್ಗೆ ಯಾರೂ ಒಂದು ಮಾತನ್ನೂ ಆಡಿದ್ದು ಇಲ್ಲ. ವಿಮಾನ ಜೌಗುನೆಲಕ್ಕೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು, ಕೆಟ್ಟದ್ದು ಬಲ್ಬು ಮಾತ್ರ.

ಗಂಟೆ ಸಣ್ಣದಾಗಿತ್ತು, ದೊಡ್ಡದಿದ್ದರೆ ಸಾಕಿತ್ತು ಎಂದು ನಿಮಗೆ ಅನ್ನಿಸಬಹುದು. ಹಾಗಾದರೆ 2005ರ ಆಗಸ್ಟ್ 14ರದನ್ನು ಕೇಳಿ. ಸೈಪ್ರಸ್‌ನ ಹೀಲಿಯೋಸ್ ಕಂಪನಿಯ ಬೋಯಿಂಗ್ 737. ಕ್ಯಾಬಿನ್ನಿನೊಳಗೆ ಗಾಳಿಯ ಒತ್ತಡ ಕಾಯುವ ಸ್ವಿಚ್ಚು, ರಿಪೇರಿಯಾದ ಮೇಲೆ, ‘ಆಟೋ’ ಬದಲು ‘ಮ್ಯಾನ್ಯುಯಲ್’ನಲ್ಲಿ ಉಳಿದುಬಿಟ್ಟಿತ್ತು. ಮೇಲೇರುತ್ತಿದ್ದಂತೆ ಒಳಗಿನ ಗಾಳಿ ತೆಳುವಾಯಿತು. ಹಾರ್ನ್ ಬಾರಿಸಿತು, ಯಾರಿಗೂ ಕೇಳದೆ ಇರದಷ್ಟು ಜೋರಾಗಿ. ಆದರೆ ಆ ವಿಮಾನದಲ್ಲಿ ಅದೇ ಹಾರ್ನಿಗೆ ಎರಡು ಅರ್ಥ: ನೆಲದ ಮೇಲಿದ್ದಾಗ ಬಾರಿಸಿದರೆ ‘ಟೇಕಾಫ್‌ಗೆ ವಿಮಾನ ಸಿದ್ಧವಾಗಿಲ್ಲ’, ಆಕಾಶದಲ್ಲಿ ಬಾರಿಸಿದರೆ ‘ಉಸಿರಾಡಲು ಗಾಳಿ ಸಾಲದು’. ಮೊದಲನೆಯದನ್ನು ಪೈಲಟ್ ವೃತ್ತಿಯಲ್ಲಿ ಆಗೀಗ ಕೇಳಿರುತ್ತಾನೆ, ಎರಡನೆಯದನ್ನು ಜೀವಮಾನದಲ್ಲಿ ಒಮ್ಮೆಯೂ ಕೇಳದಿರಬಹುದು. ಅವರು ಮೊದಲನೆಯದೆಂದೇ ತಿಳಿದರು. ಗಾಳಿ ತೆಳುವಾದಾಗ ಮೊದಲು ಮಂಕಾಗುವುದು ಯೋಚನೆಯೇ. ಬುದ್ಧಿ ಚುರುಕಾಗಿದ್ದರೆ ಬಿಡಿಸಬಹುದಾಗಿದ್ದ ಒಗಟನ್ನು, ಬುದ್ಧಿ ಮಂಕಾಗುವ ಹೊತ್ತಿಗೆ ಸರಿಯಾಗಿ ಅವರ ಮುಂದಿಟ್ಟಂತಾಯಿತು. ಇಬ್ಬರೂ ಪ್ರಜ್ಞೆ ತಪ್ಪಿದರು, ಆಟೋಪೈಲಟ್ ವಿಮಾನವನ್ನು ಅಥೆನ್ಸ್‌ವರೆಗೂ ಒಯ್ದು ಸುತ್ತು ಹಾಕಿಸಿತು, ಕೊನೆಗೆ ಇಂಧನ ತೀರಿತು. 121 ಜನ. ಆಮೇಲೆ ಆ ಮಾದರಿಯ ವಿಮಾನಗಳಿಗೆ ಎರಡು ಬೇರೆ ಬೇರೆ ದೀಪಗಳು ಬಂದವು. ಎರಡು ದೀಪ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ನಮ್ಮ ವರ್ಕ್‌ಶಾಪಿನಲ್ಲಿ ಹೊಸ ಹುಡುಗರಿಗೆ ಕಣ್ಣು ಮುಚ್ಚಿಸಿ ಸದ್ದು ಗುರುತಿಸುವ ಆಟವಾಡಿಸುತ್ತಿದ್ದೆವು. ಬೆಂಕಿಯ ಗಂಟೆ, ವೇಗ ಮೀರಿದಾಗಿನ ಕಟಕಟ, ಆಟೋಪೈಲಟ್ ಕಳಚಿದ ಸದ್ದು, ಹೀಗೆ ನಾಲ್ಕೈದರವರೆಗೆ ತಪ್ಪಿಲ್ಲದೆ ಹೇಳುತ್ತಿದ್ದರು. ಏಳೆಂಟಾದರೆ ಕಲಸುಮೇಲೋಗರ. ಅದೂ ಚಹಾ ಕುಡಿಯುತ್ತಾ ಕೂತಾಗ.

ಹಾಗಾಗಿ ಕಾಕ್‌ಪಿಟ್ ವಿನ್ಯಾಸ ಮಾಡುವವರ ನಿಜವಾದ ಕೆಲಸ, ಯಾವಾಗ ಕೂಗಬಾರದು ಎಂದು ತೀರ್ಮಾನಿಸುವುದು. ಈಗಿನ ವಿಮಾನದಲ್ಲಿ ಎಲ್ಲ ಸರಿಯಿದ್ದರೆ ತಲೆಯ ಮೇಲಿನ ಫಲಕ ಕತ್ತಲೆಯಾಗಿಯೇ ಇರುತ್ತದೆ. ಹೊತ್ತಿದ ದೀಪವಿದ್ದರೆ ಅದಕ್ಕೆ ಕಾರಣವಿದೆ. ಕೆಂಪಾದರೆ ಈಗಲೇ ಕೈ ಹಾಕು, ಹಳದಿಯಾದರೆ ಈಗ ತಿಳಿದಿರಲಿ, ಕೈ ಆಮೇಲೆ. ಅದಕ್ಕೂ ಕೆಳಗಿನವಕ್ಕೆ ಈ ಎರಡು ಬಣ್ಣ ಮುಟ್ಟುವ ಹಕ್ಕಿಲ್ಲ. ರನ್‌ವೇ ಮೇಲೆ ಓಡುವಾಗ 80 ನಾಟ್, ಅಂದರೆ ಗಂಟೆಗೆ ಸುಮಾರು 148 ಕಿಲೋಮೀಟರ್, ದಾಟಿದ ಮೇಲೆ ಸಣ್ಣಪುಟ್ಟ ದೂರುಗಳನ್ನೆಲ್ಲ ಯಂತ್ರ ನುಂಗಿಕೊಂಡು, ನೆಲ ಬಿಟ್ಟು ಮೇಲೇರಿದ ನಂತರ ಹೇಳುತ್ತದೆ. ಆ ವೇಗದಲ್ಲಿ ಗಾಬರಿಯಿಂದ ಬ್ರೇಕ್ ಒತ್ತುವುದು ಆ ಸಣ್ಣ ದೋಷಕ್ಕಿಂತ ದೊಡ್ಡ ಅಪಾಯ. ಕಿವಿ ತುಂಬಿಹೋಗಿರುವ ಹೊತ್ತಿಗೆಂದು ಕೈಗೆ ಹೇಳುವ ಉಪಾಯವೂ ಇದೆ: ರೆಕ್ಕೆಗೆ ಗಾಳಿಯ ಹಿಡಿತ ತಪ್ಪುವ ಮುನ್ನ ಅನೇಕ ವಿಮಾನಗಳಲ್ಲಿ ಪೈಲಟ್ ಹಿಡಿದ ಕಂಬವೇ ಗಡಗಡ ನಡುಗುತ್ತದೆ. ಅದರೊಳಗಿರುವುದು ಒಂದು ಕಡೆ ಭಾರವಿಟ್ಟು ತಿರುಗಿಸುವ ಮೋಟರ್, ಅನೇಕ ಮೊಬೈಲ್‌ಗಳು ಜೇಬಿನಲ್ಲಿ ನಡುಗುವುದೂ ಅದೇ ತತ್ವದಿಂದ.

ಒಂದು ಕೆಟ್ಟರೆ ಅದರ ಹಿಂದೆ ಹತ್ತು ಕೆಡುತ್ತವೆ, ಅದು ಬೇರೆ ತಲೆನೋವು. 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಕ್ವಾಂಟಾಸ್‌ನ ಎ380 ವಿಮಾನದ ಎಂಜಿನ್ ಸಿಡಿದಾಗ ಪರದೆಯ ಮೇಲೆ ಸಂದೇಶಗಳ ಮೇಲೆ ಸಂದೇಶ. ಅಂದು ಕಾಕ್‌ಪಿಟ್‌ನಲ್ಲಿ ಅದೃಷ್ಟಕ್ಕೆ ಐದು ಜನ ಪೈಲಟ್‌ಗಳಿದ್ದರು. ಅವನ್ನೆಲ್ಲ ನೋಡಿ ಮುಗಿಸಲು ಐವರಿಗೆ ಸುಮಾರು 50 ನಿಮಿಷ ಹಿಡಿಯಿತು. 469 ಜನರೂ ಉಳಿದರು. ಇಬ್ಬರೇ ಇದ್ದಿದ್ದರೆ ಎಂದು ನಾನು ಯೋಚಿಸುತ್ತಿರುತ್ತೇನೆ.

ಈಗ ನಿಮ್ಮ ತೋಟ. ಕರೆಂಟ್ ಬಂದ, ಹೋದ ಕರೆಗಳನ್ನು ಮೆಸೇಜಿಗೆ ಇಳಿಸಿ. ಫೋನ್ ಬರುವುದು ಡ್ರೈ ರನ್‌ಗೆ ಮತ್ತು ಒಂದು ಫೇಸ್ ಹೋದಾಗ ಮಾತ್ರ ಇರಲಿ. ಎರಡನೆಯ ಬೋರ್ ಇದ್ದರೆ ಅದಕ್ಕೆ ಬೇರೆ ರಿಂಗ್‌ಟೋನ್ ಇಡಿ, ಹೀಲಿಯೋಸ್ ಮರೆಯಬೇಡಿ. ಮುಖ್ಯವಾದದ್ದು: ಬೈಪಾಸ್ ತೆಗೆಸಿ. ಸುಮ್ಮಸುಮ್ಮನೆ ನಿಲ್ಲುತ್ತಿದ್ದುದು ಡ್ರೈ ರನ್‌ನ ಆಂಪ್ಸ್ ಸೆಟ್ಟಿಂಗ್ ಮೋಟರ್ ಎಂದಿನಂತೆ ಎಳೆಯುವ ಕರೆಂಟಿಗೆ ತೀರಾ ಹತ್ತಿರ ಇದ್ದುದರಿಂದ ಇರಬೇಕು. ನೀರು ಚೆನ್ನಾಗಿ ಬರುತ್ತಿರುವಾಗ ಕ್ಲ್ಯಾಂಪ್ ಮೀಟರಿನಲ್ಲಿ ಎಷ್ಟು ಆಂಪ್ಸ್ ಎಂದು ಅಳೆದು, ಅದಕ್ಕಿಂತ ಕೆಳಗೆ ತಕ್ಕ ಅಂತರ ಬಿಟ್ಟು ಇಡಲು ಮೆಕ್ಯಾನಿಕ್‌ಗೆ ಹೇಳಿ. ಎಷ್ಟಿತ್ತು ಎಂದು ನನಗೂ ಬರೆಯಿರಿ.

ಪ್ರಶ್ನೆ: ಮಂಗಳೂರಿನ ದುರಂತದಲ್ಲಿ ಅಲಾರಂ ಕೆಲಸ ಮಾಡಲಿಲ್ಲವೇ?
— ನಿವೃತ್ತ ಉಪಾಧ್ಯಾಯರು, ಗೌರಿಬಿದನೂರು

ಉತ್ತರ: ಮಾಡಿತು, ಮೇಷ್ಟ್ರೇ. 2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ಬಂದು ಧಡಧಡ ಇಳಿಯುತ್ತಿತ್ತು. ‘ಸಿಂಕ್ ರೇಟ್’ (ಇಳಿಯುವ ವೇಗ ಹೆಚ್ಚಾಯಿತು), ‘ಪುಲ್ ಅಪ್’ (ಮೇಲಕ್ಕೆತ್ತು) ಎಂದು ಯಂತ್ರ ಮತ್ತೆ ಮತ್ತೆ ಹೇಳಿತು. ಪಕ್ಕದ ಸಹ ಪೈಲಟ್ ಕೂಡ ‘ಗೋ ಅರೌಂಡ್’, ಅಂದರೆ ಇಳಿಯದೆ ಮೇಲೇರೋಣ ಎಂದು, ಮೂರು ಸಲ ಹೇಳಿದ್ದರು. ಇಳಿಯುವುದೆಂದು ಕ್ಯಾಪ್ಟನ್ ನಿರ್ಧರಿಸಿಯಾಗಿತ್ತು. 158 ಜನ ಹೋದರು, ಎಂಟು ಮಂದಿ ಉಳಿದರು. ಇಲ್ಲಿ ಪೆಟ್ಟಿಗೆ ಬಿಚ್ಚಿ ನೋಡಿದರೆ ನನ್ನಂಥವನಿಗೆ ಸಿಗುವ ದೋಷ ಯಾವುದೂ ಇಲ್ಲ. ಹಿರಿಯನ ಮಾತು ಮೀರಿ ಕಿರಿಯ ಕೈ ಹಾಕುವುದು ಹೇಗೆಂಬುದನ್ನು ತರಬೇತಿಯಲ್ಲಿ ಕಲಿಸಬೇಕು. ನಮ್ಮ ಮನೆಗಳಲ್ಲಿ ಅದನ್ನು ಕಲಿಸುವುದಿಲ್ಲ ಎಂಬುದು ನಿಮಗೂ ಗೊತ್ತು.

ಪ್ರಶ್ನೆ: ಬೆಟ್ಟ ಹತ್ತಿರ ಬಂದರೆ ವಿಮಾನಕ್ಕೆ ಹೇಗೆ ತಿಳಿಯುತ್ತದೆ? ಎಚ್ಚರಿಸುವುದು ಹೆಣ್ಣಿನ ದನಿಯೇ?
— ಪಿಯುಸಿ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: 1970ರ ದಶಕದಲ್ಲಿ ಕೆನಡಾ ಮೂಲದ ಡಾನ್ ಬೇಟ್‌ಮನ್ ಎಂಬ ಎಂಜಿನಿಯರ್ ಮಾಡಿದ ಉಪಕರಣ ರೇಡಿಯೊ ಅಲೆಯಿಂದ ನೇರ ಕೆಳಗಿನ ನೆಲವನ್ನಷ್ಟೇ ಅಳೆಯುತ್ತಿತ್ತು. ತಲೆ ಬಗ್ಗಿಸಿ ಪಾದ ನೋಡಿಕೊಂಡು ನಡೆದು ನಂದಿಬೆಟ್ಟಕ್ಕೆ ಹಣೆ ಚಚ್ಚಿಕೊಂಡಂತೆ, ಎದುರಿನ ಕಡಿದಾದ ಬೆಟ್ಟ ಅದಕ್ಕೆ ತಡವಾಗಿ ತಿಳಿಯುತ್ತಿತ್ತು. ಸುಳ್ಳು ಎಚ್ಚರಿಕೆಗಳೂ ಇದ್ದವು. 1990ರ ದಶಕದಲ್ಲಿ ಅದೇ ಬೇಟ್‌ಮನ್ ಮತ್ತು ಸಂಗಡಿಗರು ನೆಲದ ನಕ್ಷೆಯನ್ನೇ ಪೆಟ್ಟಿಗೆಯೊಳಗೆ ಇಟ್ಟರು. ಈಗ ವಿಮಾನ ತಾನಿರುವ ಜಾಗವನ್ನು ಆ ನಕ್ಷೆಯಲ್ಲಿ ನೋಡಿಕೊಂಡು ಮುಂದಿನ ಬೆಟ್ಟವನ್ನು ಮೊದಲೇ ಹೇಳುತ್ತದೆ.

ದನಿ ಎರಡೂ ಉಂಟು. ಹಿಂದೆ ಕಾಕ್‌ಪಿಟ್‌ನಲ್ಲಿ ಗಂಡಸರೇ ಇದ್ದುದರಿಂದ ಹೆಣ್ಣಿನ ದನಿ ಬೇರೆಯಾಗಿ ಕೇಳಿಸೀತು ಎಂದುಕೊಂಡರು. ಈಗ ನಿಮ್ಮಂಥವರೂ ಅಲ್ಲಿ ಕೂರುತ್ತಿರುವುದರಿಂದ ಆ ಲೆಕ್ಕ ಹಳೆಯದಾಯಿತು. ನನಗೆ ತುಂಬಾ ಹಿಡಿಸಿದ್ದು ಏರ್‌ಬಸ್‌ನ ಗಂಡುದನಿ. ಇಳಿಯುವಾಗ ನೆಲಕ್ಕೆ 20 ಅಡಿ ಇರುವಾಗ ‘ರಿಟಾರ್ಡ್’ ಎನ್ನುತ್ತದೆ, ಎಂಜಿನ್ನಿನ ಹಿಡಿಗಳನ್ನು ಹಿಂದಕ್ಕೆ ಎಳೆ ಎಂದು. ಎಳೆಯದಿದ್ದರೆ ಮತ್ತೆ ‘ರಿಟಾರ್ಡ್’. ಕೈ ಹಿಂದಕ್ಕೆ ಬಂದ ಕೂಡಲೇ ಸುಮ್ಮನಾಗುತ್ತದೆ.