ಹೊಸದಾಗಿ ಓಡಿಸುವ ಮಗಳಿಗೆ ಕೊಂಡ ಹಳೆ ಕಾರಿಗೆ ಏನೇನು ಹಾಕಿಸಬೇಕು?

ಡಿಎಲ್ ಈಗಷ್ಟೇ ಕೈಗೆ ಬಂದಿರುವ ಮಗಳು, 2013ರ ಸಣ್ಣ ಕಾರು, ಕೈಯಲ್ಲಿ 15 ಸಾವಿರ ರೂಪಾಯಿ, ಟಚ್ ಸ್ಕ್ರೀನ್ ಹಾಕಿಸಲೋ, ರಿವರ್ಸ್ ಕ್ಯಾಮೆರಾ ಹಾಕಿಸಲೋ, ದಪ್ಪ ಮ್ಯಾಟ್ ಹಾಕಿಸಲೋ ಎಂದು ಕೇಳಿ ನೀವು ಬರೆದಿದ್ದೀರಿ. ಊರೊಂದನ್ನು ಬದಲಿಸಿದರೆ ಇದು ನನ್ನದೇ ಪ್ರಶ್ನೆ. ನೀವು ಸಾಗರದವರು, ನಾನು ಶಿವಮೊಗ್ಗದವನು. ನಮ್ಮದು 2012ರ ಕಾರು.

ಕೊಂಡದ್ದು ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿಂದ. ಒಂಬತ್ತು ವರ್ಷ ಹಳೆಯದು, ಆದರೆ 30 ಸಾವಿರ ಕಿಲೋಮೀಟರ್ ಕೂಡ ಓಡಿರಲಿಲ್ಲ. ಮದುವೆ ಮುಂಜಿ ಬಿಟ್ಟರೆ ಅವರು ಅದನ್ನು ಹೊರಗೆ ತೆಗೆದವರೇ ಅಲ್ಲ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಇಂಜಿನ್ನಿನ ಶಬ್ದ ಕೇಳಿ ತಲೆದೂಗಿದ. ಟೈರಿನ ಗ್ರಿಪ್ಪಿಗೆ ಬೆರಳು ಹಾಕಿ, "ಇನ್ನೂ ಆರಾಮವಾಗಿ ಓಡುತ್ತದೆ ಸಾರ್" ಎಂದ. ನಾನೂ ಬೆರಳು ಹಾಕಿ ನೋಡಿದೆ. ಆಳವಾಗಿಯೇ ಇತ್ತು. ಟೈರಿಗೆಂದು ಎತ್ತಿಟ್ಟಿದ್ದ ದುಡ್ಡು ಉಳಿಯಿತಲ್ಲ ಎಂದು ಹಿಗ್ಗಿ ಸೀಟ್ ಕವರ್, ಸ್ಪೀಕರ್, ಹೊಳೆಯುವ ವೀಲ್ ಕಪ್ ಎಲ್ಲ ಹಾಕಿಸಿದೆ.

ನಾನು ಕೆಟ್ಟದ್ದು ಇಲ್ಲಿಯೇ. ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಹಳೆ ಕಾರು ಕೊಳ್ಳುವ ಹತ್ತು ಮಂದಿಯಲ್ಲಿ ಒಬ್ಬರೂ ಇದನ್ನು ನೋಡುವುದಿಲ್ಲ. ಓಡಿದ ಕಾರಿನ ಟೈರು ಸವೆಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ನಿಂತ ಕಾರಿನ ಟೈರು ಸವೆಯುವುದಿಲ್ಲ, ಒಣಗುತ್ತದೆ. ರಬ್ಬರು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಗಟ್ಟಿ ರಬ್ಬರು ಒಣ ರಸ್ತೆಯಲ್ಲಿ ಹೇಗೋ ಸಂಭಾಳಿಸಿಕೊಂಡು ಹೋಗುತ್ತದೆ, ಒದ್ದೆ ರಸ್ತೆಯಲ್ಲಿ ಕೈಕೊಡುತ್ತದೆ. ಗ್ರಿಪ್ಪಿನ ಆಳ ನೀರನ್ನು ಪಕ್ಕಕ್ಕೆ ತಳ್ಳುತ್ತದೆ ಅಷ್ಟೇ. ರಸ್ತೆಯನ್ನು ಕಚ್ಚಿ ಹಿಡಿಯಬೇಕಾದದ್ದು ರಬ್ಬರಿನ ಮೃದುತನ. ಟೈರಿನ ಪಕ್ಕೆಯ ಮೇಲೆ ಡಿಒಟಿ (DOT) ಎಂದು ಶುರುವಾಗುವ ಅಕ್ಷರಗಳ ಕೊನೆಗೆ ಅಂಡಾಕಾರದ ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 1812 ಎಂದಿತ್ತು, ಅಂದರೆ 2012ರ ಹದಿನೆಂಟನೇ ವಾರ. ಈ ಅಂಕಿ ಅನೇಕ ಟೈರುಗಳಲ್ಲಿ ಒಂದೇ ಪಕ್ಕೆಯ ಮೇಲಿರುತ್ತದೆ. ನಮ್ಮದರಲ್ಲಿ ಅದು ಒಳಮುಖವಾಗಿತ್ತು. ಕಾರಿನಡಿ ಅಂಗಾತ ಮಲಗಿ ಮೊಬೈಲಿನ ಬೆಳಕು ಬಿಟ್ಟಾಗಲೇ ನನಗೆ ಕಂಡದ್ದು. ಗ್ರಿಪ್ಪಿನ ಗೆರೆಗಳ ತಳದಲ್ಲಿ ಕೂದಲೆಳೆಯಂಥ ಬಿರುಕುಗಳೂ ಇದ್ದವು. ಆದರೆ ನಾನು ಹಾಗೆ ಮಲಗಿ ನೋಡಿದ್ದು ಅಪಘಾತವಾದ ಮೇಲೆ.

ಮುಂಗಾರಿನ ಮೊದಮೊದಲ ಮಳೆ. ಬೇಸಿಗೆಯಿಡೀ ರಸ್ತೆಯ ಮೇಲೆ ಕೂತಿದ್ದ ಧೂಳು, ಎಣ್ಣೆ ಎಲ್ಲ ನೆನೆದು ಲೋಳೆಯಾಗುವ ಹೊತ್ತು. ತೀರ್ಥಹಳ್ಳಿಯಿಂದ ವಾಪಸಾಗುತ್ತಿದ್ದೆವು. ಓಡಿಸುತ್ತಿದ್ದವಳು ಮಗಳು, ಪಕ್ಕದಲ್ಲಿ ನಾನು. ಮಂಡಗದ್ದೆ ದಾಟಿದ ಮೇಲಿನ ಒಂದು ತಿರುವಿನಲ್ಲಿ ಎದುರಿಗೆ ಬಸ್ಸೊಂದು ಅರ್ಧ ರಸ್ತೆ ನುಂಗಿಕೊಂಡು ಬಂತು. ಅವಳು ಬ್ರೇಕ್ ಒತ್ತಿದಳು, ಯಾರಾದರೂ ಒತ್ತುತ್ತಿದ್ದರು. ಚಕ್ರಗಳು ತಿರುಗುವುದು ನಿಂತು ಲಾಕ್ ಆದವು. ಸ್ಟೀರಿಂಗ್ ಬಲಕ್ಕೆ ತಿರುಗಿಯೇ ಇತ್ತು, ಕಾರು ಮಾತ್ರ ನೇರವಾಗಿ ಜಾರಿ ಎಡಗಡೆಯ ಧರೆಗೆ, ಅಂದರೆ ರಸ್ತೆ ಪಕ್ಕದ ಮಣ್ಣಿನ ಗೋಡೆಗೆ, ಗುದ್ದಿತು. ಇಬ್ಬರಿಗೂ ಏನೂ ಆಗಲಿಲ್ಲ. ಬಂಪರ್, ರೇಡಿಯೇಟರ್, ಒಂದು ಹೆಡ್‌ಲೈಟ್ ಹೋದವು. ವಿಮೆ ಬಂತು, ಆದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ ಕಳೆದು.

ದುಡ್ಡಿನ ಮಾತು ಹಾಗಿರಲಿ. ವಿಷಯ ತಿಳಿದ ನೆಂಟರೆಲ್ಲ "ಹೊಸಬಳಲ್ಲವೇ, ಗಾಬರಿಯಾಗಿರುತ್ತಾಳೆ" ಎಂದರು. ಅವಳೂ ಅದನ್ನೇ ನಂಬಿದಳು. ಆ ಮಳೆಗಾಲ ಮುಗಿಯುವವರೆಗೂ ಕೀಲಿ ಮುಟ್ಟಲಿಲ್ಲ. ಟೈರಿನ ಅಂಕಿಯನ್ನು ಫೋಟೊ ತೆಗೆದು ಅವಳಿಗೆ ತೋರಿಸಿ, ತಪ್ಪು ನಿನ್ನದಲ್ಲ ಎಂದು ನಾನು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಧೈರ್ಯ ಹೋದ ಮೇಲೆ ಪುರಾವೆ ಯಾರಿಗೆ ಬೇಕು?

ಈಗ ನಿಮ್ಮ ವಿಷಯ. "ಗೀಚಿಕೊಂಡರೂ ಹೊಟ್ಟೆ ಉರಿಯಬಾರದೆಂದು ಹಳೆ ಕಾರು ತೆಗೆದುಕೊಂಡೆ" ಎಂದು ಬರೆದಿದ್ದೀರಿ. ಎಲ್ಲರೂ ಹಾಗೆಯೇ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನುರಿತವರು ಕೆಟ್ಟ ಬ್ರೇಕನ್ನೂ ಪಳಗಿಸಿಕೊಂಡು ಓಡಿಸಬಲ್ಲರು. ಮನೆಯಲ್ಲಿ ಎರಡು ಕಾರಿದ್ದರೆ ಒಳ್ಳೆಯದು ಹೊಸಬರ ಕೈಗೆ ಹೋಗಬೇಕು. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ. 2013ರ ಅಗ್ಗದ ಮಾದರಿಯಲ್ಲಿ ಎರಡೂ ಇಲ್ಲದಿರುವ ಸಂಭವವೇ ಹೆಚ್ಚು. ನಿಮಗೆ ಬೇರೆ ದಾರಿಯಿಲ್ಲದಿದ್ದರೆ ಸರಿ, ಆದರೆ ಅಗ್ಗದ ಕಾರು ಕೊಡಿಸಿ ಉಳಿಸಿದೆ ಎಂದುಕೊಳ್ಳಬೇಡಿ.

ನಿಮ್ಮ 15 ಸಾವಿರ ಬಹುಪಾಲು ಟೈರಿಗೇ ಹೋಗಲಿ. ಗ್ರಿಪ್ಪಿನ ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೂ ಕಾನೂನು ಸುಮ್ಮನಿರುತ್ತದೆ. ಕೆಲವು ಟೈರ್ ಕಂಪನಿಗಳು ಐದು ವರ್ಷದ ನಂತರ ವರ್ಷಕ್ಕೊಮ್ಮೆ ತೋರಿಸಿ, ಹತ್ತಕ್ಕೆ ತೆಗೆದುಬಿಡಿ ಎನ್ನುತ್ತವೆ. ಮಲೆನಾಡಿನ ಮಳೆಗೆ ನನ್ನ ಲೆಕ್ಕ ಆರು ವರ್ಷ. ಎರಡೇ ಕೊಳ್ಳಲು ಸಾಧ್ಯವಾದರೆ ಹೊಸವು ಹಿಂದಕ್ಕೆ. ಅಂಗಡಿಯವನು ಮುಂದಕ್ಕೆ ಹಾಕುತ್ತೇನೆ ಎನ್ನುತ್ತಾನೆ, ಬಿಡಬೇಡಿ. ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು, ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ. ಸ್ಟೆಪ್ನಿಯ ವಯಸ್ಸನ್ನೂ ನೋಡಿ.

ನಂತರ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಸೀಮೆಯಲ್ಲಿ ತೇವಕ್ಕೇನು ಬರ. ನೀರು ಸೇರಿದ ಆಯಿಲ್ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಕುದಿಯುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಕುಸಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಯಾವಾಗ ಬದಲಿಸಿದರೆಂದು ಹಳೆಯ ಮಾಲೀಕರಿಗೆ ನೆನಪಿರುವುದಿಲ್ಲ, ಕೇಳುವುದೂ ಬೇಡ, ಬದಲಿಸಿಬಿಡಿ. ಮಗಳನ್ನು ಆಗುಂಬೆಗೆ ಕರೆದುಕೊಂಡು ಹೋಗುವ ಮೊದಲು, ಹತ್ತಲು ಬಳಸುವ ಗೇರಿನಲ್ಲಿಯೇ ಇಳಿಯುವುದನ್ನು ಸಣ್ಣ ಏರಿನಲ್ಲಿ ಕಲಿಸಿ. ಆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುವವರನ್ನು ದಿನವೂ ನೋಡಬಹುದು. ಇಕ್ಕಟ್ಟಿನಲ್ಲಿ ಎದುರಾದರೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದನ್ನೂ ಹೇಳಿಕೊಡಿ, ಈಗ ಯಾರೂ ಹೇಳಿಕೊಡುತ್ತಿಲ್ಲ.

ವೈಪರ್ ಬ್ಲೇಡ್ ಹೊಸದು. ಹಳದಿಯಾದ ಹೆಡ್‌ಲೈಟಿಗೆ ಪಾಲಿಶ್, ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಅಲ್ಲ. ಮಂಜಿನಲ್ಲಿ ಅದರ ಬೆಳಕು ನಿಮ್ಮ ಮುಖಕ್ಕೇ ವಾಪಸ್ ಬರುತ್ತದೆ. ನೀವು ಕೇಳಿದ ದಪ್ಪ ಮ್ಯಾಟ್ ಚಾಲಕನ ಕಡೆಗೆ ಬೇಡವೇ ಬೇಡ: ಕೊಕ್ಕೆಗೆ ಸಿಗದ ಮ್ಯಾಟ್ ಸರಿಯುತ್ತ ಸರಿಯುತ್ತ ಆಕ್ಸಿಲರೇಟರ್ ಕೆಳಗೆ ಸೇರಿಕೊಳ್ಳುತ್ತದೆ. ಟಚ್ ಸ್ಕ್ರೀನ್ ಹಾಕಿಸಿದರೆ ರಸ್ತೆ ನೋಡಬೇಕಾದ ಕಣ್ಣನ್ನು ದುಡ್ಡು ಕೊಟ್ಟು ಬೇರೆಡೆಗೆ ತಿರುಗಿಸಿದಂತೆ. ರಿವರ್ಸ್ ಕ್ಯಾಮೆರಾ ದುಡ್ಡು ಮಿಕ್ಕಿದರೆ ಇರಲಿ, ತಕರಾರಿಲ್ಲ.

ಆರ್‌ಸಿ ನಿಮ್ಮ ಹೆಸರಿಗೆ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಮಾಲೀಕತ್ವ ಬದಲಾದ 14 ದಿನದೊಳಗೆ ವಿಮೆ ಕಂಪನಿಗೂ ಅರ್ಜಿ ಕೊಡಬೇಕು. ಅದೊಂದನ್ನು ಸಮಯಕ್ಕೆ ಮಾಡಿದ್ದರಿಂದಲೇ ನನಗೆ ವಿಮೆಯ ಅಷ್ಟು ಹಣವಾದರೂ ಸಿಕ್ಕಿತು. ಇನ್ನೂ ಪೂರ್ತಿ ಹಣ ಕೊಟ್ಟಿಲ್ಲ, ಬರೀ ಮುಂಗಡ ಕೊಟ್ಟಿದ್ದೀರಿ ಎಂದಾದರೆ ಇವತ್ತೇ ಹೋಗಿ ಐದೂ ಟೈರಿನ ಅಂಕಿ ಬರೆದುಕೊಳ್ಳಿ. ಹಳೆಯವಾಗಿದ್ದರೆ ಹೊಸ ಟೈರಿನ ಬೆಲೆಯನ್ನು ಬಾಕಿಯಲ್ಲಿ ಮುರಿದುಕೊಂಡೇ ಹಣ ಕೊಡಿ.